ಇಳಿಸಿ ನೋಡಿದ ಎಂಜಿನ್

ವಾಹನಕ್ಕೆ ಎಂಜಿನ್ ಇರಬೇಕೆಂಬುದು ಬಹುಕಾಲದಿಂದ ಎಲ್ಲರೂ ಒಪ್ಪಿಕೊಂಡು ಬಂದ ವಿಷಯವಾಗಿತ್ತು. ಅದನ್ನು ಮೊದಲು ಪ್ರಶ್ನಿಸಿದ ಕೀರ್ತಿ ನಮ್ಮ ಡ್ರೈವಿಂಗ್ ಶಾಲೆಗೆ ಸಲ್ಲಬೇಕು. ಶಾಲೆಯ ಮಾಲೀಕರು ನನ್ನ ಭಾವ, ಕಾರ್ಯದರ್ಶಿ ನಾನು. ಅಕ್ಕನ ಗಂಡನೆಂದು ಅವರನ್ನು ಹೊಗಳುತ್ತಿದ್ದೇನೆ ಅಂತ ಯಾರಾದರೂ ಅಂದರೆ ನನಗೆ ಕೆಟ್ಟ ಕೋಪ ಬರುತ್ತದೆ. ಅಕ್ಕನೇ ಅವರನ್ನು ಹೊಗಳುವುದಿಲ್ಲ.

ಶಾಲೆಗಿದ್ದದ್ದು ಒಂದೇ ಕಾರು. ಒಂದು ಬೆಳಿಗ್ಗೆ ಅದು ಕೆಮ್ಮಿ, ಹೊಗೆಯುಗುಳಿ, ತೆಪ್ಪಗಾಯಿತು. ಗ್ಯಾರೇಜಿನವರು ಮನೆಗೇ ಬಂದು, ಬಗ್ಗಿ ನೋಡಿ, "ಇದರ ಕಥೆ ಮುಗೀತು ಸ್ವಾಮಿ, ಬೇರೆ ಎಂಜಿನ್ ಕೂರಿಸ್ಬೇಕು" ಎಂದರು.

"ನಾವೇ ಕೂರಿಸಿದ್ರೆ?" ಎಂದರು ಭಾವ.

"ಹಿಂದೆ ಯಾವತ್ತಾದ್ರೂ ಇಂಥ ಕೆಲಸ ಮಾಡಿದ್ದೀರಾ?"

"ಮನೆ ಕುಕ್ಕರಿನ ವಾಷರ್ ನಾನೇ ಬದಲಾಯಿಸಿದ್ದು."

"ಆ ಕುಕ್ಕರ್ ಈಗ ಎಲ್ಲಿದೆ ಅಂತಾನೂ ಹೇಳಿಬಿಡಿ" ಎಂದಳು ಅಕ್ಕ, ಒಳಗಿನಿಂದ. ಈ ಮಾತನ್ನು ನಡಾವಳಿಗೆ ತೆಗೆದುಕೊಳ್ಳಲಿಲ್ಲ.

ಭಾವ ದುಡುಕುವ ಮನುಷ್ಯರಲ್ಲ. ಎಂಜಿನ್ ಬದಲಾವಣೆಯನ್ನು ಸ್ವತಃ ಕೈಗೊಳ್ಳುವ ಸಾಧಕ ಬಾಧಕಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಅಧ್ಯಕ್ಷರು ಅವರೇ, ಸದಸ್ಯ ನಾನು. ಸಮಯವಿದೆಯೇ? ಕಾರು ಕೆಟ್ಟಿದ್ದರಿಂದ ಬೇಕಾದಷ್ಟಿತ್ತು. ಸಲಕರಣೆಗಳಿವೆಯೇ? ಪಕ್ಕದ ಮನೆಯವರ ಹತ್ತಿರ ಇದ್ದವು. ಕೈಲಾಗುತ್ತದೆಯೇ? ಇಲ್ಲಿ ಸಮಿತಿ ತಡವರಿಸಿತು. ನಮ್ಮ ಕೈಲಿ ಎಂಜಿನ್ ಇಳಿಸಲು ಆಗುತ್ತದೋ ಇಲ್ಲವೋ ಎಂಬುದು ಇಳಿಸಿ ನೋಡದ ಹೊರತು ತಿಳಿಯುವಂತಿರಲಿಲ್ಲ. ಆದಕಾರಣ, ಎಂಜಿನ್ ಇಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸಲುವಾಗಿ ಅದನ್ನು ತಾತ್ಕಾಲಿಕವಾಗಿ ಇಳಿಸತಕ್ಕದ್ದೆಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು.

ಇಳಿಸಿದೆವು. ಶೆಡ್ಡಿನ ತೊಲೆ ಬಾಗಿತು, ಭಾವನ ಹೆಬ್ಬೆರಳಿನ ಉಗುರು ಹೋಯಿತು, ಎಂಜಿನ್ ಮಾತ್ರ ಹೊರಗೆ ಬಂತು. ಅದನ್ನು ಆಫೀಸಿನ ಮೇಜಿನ ಮೇಲಿಟ್ಟು ಸಭೆ ಕೂತೆವು. ಇಳಿಸಲು ನಮ್ಮಿಂದ ಸಾಧ್ಯ ಎಂಬುದೇನೋ ಸಾಬೀತಾಗಿತ್ತು. ಆದರೆ ಇಳಿಸಬೇಕಾಗಿತ್ತೇ ಎಂಬ ಮೂಲ ಪ್ರಶ್ನೆ ಹಾಗೇ ಉಳಿದಿದ್ದರಿಂದ ಸಭೆಯನ್ನು ಮುಂದೂಡಲಾಯಿತು.

ಅಷ್ಟರಲ್ಲಿ ನಮ್ಮ ವಿದ್ಯಾರ್ಥಿನಿ ನರ್ಸಮ್ಮ ಬಂದರು.

"ಸರ್, ಆಸ್ಪತ್ರೆ ವ್ಯಾನು ಓಡಿಸೋರಿಲ್ದೆ ಸುಮ್ನೆ ನಿಂತಿದೆ. ದೂರದ ಊರುಗಳಿಂದ ಜ್ವರ ಬಂದೋರು ನಡ್ಕೊಂಡು ಬರ್ತಿದ್ದಾರೆ, ದಾರೀಲೇ ಕುಸಿದು ಬೀಳ್ತಿದ್ದಾರೆ. ಈ ತಿಂಗಳೊಳಗೆ ನಂಗೆ ಲೈಸೆನ್ಸ್ ಸಿಗ್ಲಿಲ್ಲ ಅಂದ್ರೆ ವ್ಯಾನನ್ನ ಗುಜರಿಗೆ ಹಾಕ್ತಾರಂತೆ." ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬಿತು.

"ಅಳಬೇಡಿ ತಾಯಿ. ಕಲಿಯೋರು ನೀವು, ಎಂಜಿನ್ ಅಲ್ವಲ್ಲ" ಎಂದರು ಭಾವ. "ಸ್ಟಿಯರಿಂಗ್ ಇದೆ, ಬ್ರೇಕ್ ಇದೆ, ಹಾರ್ನ್ ಅಂತೂ ಹೊಚ್ಚ ಹೊಸದು. ಹತ್ತಿ ಕೂತ್ಕೊಳ್ಳಿ."

ಅಂದೇ ನಿಯಮ ಹೊರಡಿಸಲಾಯಿತು: ನಾಳೆ ಕಲಿಯುವವರು ಇಂದು ತಳ್ಳತಕ್ಕದ್ದು. ತಳ್ಳುವವರಿಂದ ವ್ಯಾಯಾಮ ಶುಲ್ಕವನ್ನು ಪ್ರತ್ಯೇಕವಾಗಿ ವಸೂಲಿ ಮಾಡಲಾಗುವುದು.

"ಸರ್, ಕ್ಲಚ್ ಒತ್ತಿದ್ರೆ ಏನಾಗುತ್ತೆ?" ಎಂದು ನರ್ಸಮ್ಮ ಒಳಗಿನಿಂದ ಕೂಗುತ್ತಿದ್ದರು.

"ಏನೂ ಆಗಲ್ಲ. ಧೈರ್ಯವಾಗಿ ಒತ್ತಿ!"

ಪರೀಕ್ಷೆಯ ದಿನ ಕಾರನ್ನು ಮೈದಾನದವರೆಗೂ ತಳ್ಳಿಕೊಂಡು ಹೋದೆವು. ಪರೀಕ್ಷಾಧಿಕಾರಿಗಳು ಬಾನೆಟ್ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ನಂತರ ನಿಯಮಾವಳಿ ತಿರುವಿದರು. ಬ್ರೇಕು, ದೀಪ, ಕನ್ನಡಿ ಇಲ್ಲದ ಗಾಡಿಯನ್ನು ವಾಪಸ್ಸು ಕಳಿಸಬೇಕೆಂದು ಅದರಲ್ಲಿತ್ತು. ಎಂಜಿನ್ ವಿಚಾರ ಯಾರೂ ಬರೆದಿರಲಿಲ್ಲ. ಪರೀಕ್ಷೆಯಲ್ಲಿ ಹೆಚ್ಚಿನವರು ಫೇಲಾಗುವುದು ತಿರುವಿನಲ್ಲಿ ಎಂಜಿನ್ ಆಫ್ ಮಾಡಿಕೊಂಡು. ನರ್ಸಮ್ಮನ ಗಾಡಿ ಎಲ್ಲೂ ಆಫ್ ಆಗಲಿಲ್ಲ.

"ಭೇಷ್! ಆದ್ರೆ ಸ್ವಲ್ಪ ಸ್ಪೀಡು ಜಾಸ್ತಿ" ಎಂದರು ಅಧಿಕಾರಿಗಳು, ಹಿಂದಿನ ಸೀಟಿನಿಂದ. ತಳ್ಳುತ್ತಿದ್ದ ನಾವು ನಾಚಿ ನಿಧಾನಿಸಿದೆವು. ಲೈಸೆನ್ಸ್ ಮಂಜೂರಾಯಿತು.

ಮಾರನೆಯ ದಿನ ನರ್ಸಮ್ಮ ಆಸ್ಪತ್ರೆ ವ್ಯಾನು ಹತ್ತಿ ಕೀ ತಿರುಗಿಸಿದರು. ಒಳಗೆ ಏನೋ ಗುರ್ರೆಂದಿತು. ಅವರು ಅಯ್ಯಯ್ಯೋ ಎಂದು ಕೆಳಗೆ ಹಾರಿ ಗೋಡೆಗೆ ಒರಗಿ ನಿಂತರು. "ಇದು ನಾನು ಕಲಿತ ಗಾಡಿ ಅಲ್ಲ ಡಾಕ್ಟ್ರೇ! ಇದು ತಾನಾಗೇ ಹೋಗುತ್ತೆ!"

ಆಸ್ಪತ್ರೆಯ ದೊಡ್ಡ ಡಾಕ್ಟರು ವಿಷಯವನ್ನು ಗಂಭೀರವಾಗಿ ಪರಿಗಣಿಸಿದರು. ಲೈಸೆನ್ಸ್ ಪಡೆದ ಸಿಬ್ಬಂದಿ ಒಬ್ಬರೇ. ಅವರನ್ನು ಬದಲಾಯಿಸುವಂತಿಲ್ಲ. ವ್ಯಾನನ್ನು ಬದಲಾಯಿಸಬಹುದು. ಎಂಜಿನ್ ಇಳಿಸಿದ ಅನುಭವವುಳ್ಳ ಸಂಸ್ಥೆ ಈ ಭಾಗದಲ್ಲಿ ನಮ್ಮದೊಂದೇ ಆಗಿದ್ದರಿಂದ ಕೆಲಸ ಭಾವನಿಗೇ ಒಪ್ಪಿಸಲಾಯಿತು. ಈ ಸಲ ಉಗುರು ಹೋಗಲಿಲ್ಲ. ಅಕ್ಕ ಕೂಡ "ಪರವಾಗಿಲ್ಲ, ಕೈ ಪಳಗಿದೆ" ಎಂದಳು.

ಈಗ ವ್ಯಾನು ತಪ್ಪದೆ ಊರೂರಿಗೆ ಹೋಗುತ್ತಿದೆ. ವ್ಯಾನು ಬೇಕಾದ ಊರಿನವರು ಹಿಂದಿನ ಊರಿಗೆ ಬಂದು ತಳ್ಳಿಕೊಂಡು ಹೋಗತಕ್ಕದ್ದು. ಇದಕ್ಕೆ ಯಾರದೂ ತಕರಾರಿಲ್ಲ. ಮೊದಲಾದರೆ ಸುಮ್ಮನೆ ನಡೆಯಬೇಕಿತ್ತು, ಈಗ ಹಿಡಿದುಕೊಳ್ಳಲು ಏನಾದರೂ ಇದೆ ಎನ್ನುತ್ತಾರೆ ಜನ. ರೋಗಿಗಳ ಸಂಖ್ಯೆ ಏರಿರುವುದರಿಂದ ವ್ಯಾನು ಎಷ್ಟು ಅಗತ್ಯವಾಗಿತ್ತೆಂಬುದು ಇಲಾಖೆಗೂ ಮನವರಿಕೆಯಾಗಿದೆ.

ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ದಿಬ್ಬ ಹತ್ತಿಸಿ ಊರ ಮುಂದೆ ನಿಲ್ಲಿಸಿದ ಮೇಲೆ ನರ್ಸಮ್ಮ ಹ್ಯಾಂಡ್‌ಬ್ರೇಕ್ ಎಳೆದು, ಕೆಳಗಿಳಿದು, "ಯಾರಿಗೆ ಹುಷಾರಿಲ್ಲಪ್ಪಾ?" ಎಂದು ಕೇಳಿದರು.

ಬರುವಾಗ ಗಟ್ಟಿಮುಟ್ಟಾಗಿದ್ದವರೂ ಸೇರಿ, ತಳ್ಳಿದವರೆಲ್ಲ ಏದುಸಿರು ಬಿಡುತ್ತಾ ಸಾಲಾಗಿ ನಿಂತರು.