ಮುಟ್ಟಿದ ಕಾಗದ ಮತ್ತು ಶರಣಮ್ಮನ ಕಸಬರಿಗೆ

ನಾನು ಹೊರಟು ನಿಂತಾಗ ಯಾರಾದರೂ ನನಗಾಗಿ ನಾಲ್ಕು ಹನಿ ಕಣ್ಣೀರು ಹಾಕಲಿ ಎಂಬುದು ನನ್ನ ಹಳೆಯ ಚಪಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಇದೆ. ನೆಂಟರ ಮನೆಯಲ್ಲಿ ಎರಡು ದಿನ ಉಂಡು ಹೊರಟರೂ ಬೀದಿಯ ತಿರುವಿನಲ್ಲಿ ಒಮ್ಮೆ ಹಿಂದೆ ನೋಡುತ್ತೇನೆ, ಯಾರಾದರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆಯೇ ಎಂದು. ಅಷ್ಟರಲ್ಲಿ ಅವರು ಬಾಗಿಲು ಹಾಕಿಕೊಂಡಿರುತ್ತಾರೆ. ನನ್ನ ಹೆಂಡತಿ ಒಮ್ಮೆ ರೈಲ್ವೆ ಸ್ಟೇಷನ್ನಿನಲ್ಲಿ ಕಣ್ಣೊರೆಸಿಕೊಂಡಳು. ಹಿಗ್ಗಿ ವಿಚಾರಿಸಿದರೆ, ಕಣ್ಣಿಗೆ ಇಂಜಿನ್ನಿನ ಕಲ್ಲಿದ್ದಲ ಪುಡಿ ಬಿದ್ದಿತ್ತು.

ಈ ಚಪಲಕ್ಕೆ ಸರಿಯಾದ ಪೆಟ್ಟು ಬಿದ್ದದ್ದು ಸಿಂಧನೂರಿನ ಕಡೆಯ ತುರ್ವಿಹಾಳವೆಂಬ ಊರಿನಲ್ಲಿ. ಕಾಲುವೆಗೆ ನೀರು ಬಂದ ಹೊಸತು. ನಾನು ಬಿ.ಎ. ಮುಗಿಸಿ, ದೇಶೋದ್ಧಾರದ ಹುಮ್ಮಸ್ಸಿನಲ್ಲಿ, ದೊಡ್ಡವರಿಗೆ ಅಕ್ಷರ ಕಲಿಸುವ ಸ್ವಯಂಸೇವಕನಾಗಿ ಮಂಡ್ಯದ ಕಡೆಯಿಂದ ಹೋಗಿದ್ದೆ. ನಮ್ಮಮ್ಮನ ಪಾಲಿಗೆ ಅದು ಪರದೇಶವೇ. "ಅಲ್ಲಿ ಅನ್ನ ಸಿಗ್ತದೇನೋ?" ಎಂದು ಕೇಳಿದ್ದಳು. ಗದ್ದೆಯಲ್ಲಿ ಭತ್ತ ಬೆಳೆಯುತ್ತಿತ್ತು ನಿಜ, ತಟ್ಟೆಯಲ್ಲಿ ಮಾತ್ರ ಜೋಳದ ರೊಟ್ಟಿ. ನನಗೆ ಆಶ್ರಯ ಕೊಟ್ಟ ರೈತ ಅಮರಪ್ಪನವರ ಮನೆಯಲ್ಲಿ ಮೊದಲ ದಿನವೇ ನಾನು ಅನ್ನ ಕೇಳಿದೆ. ಅವರ ಹೆಂಡತಿ ಶರಣಮ್ಮ ಗಾಬರಿಯಾಗಿ, "ಯಾಕ್ರಿ ಮಾಸ್ತರ, ಮೈಯಾಗ ಆರಾಮಿಲ್ಲೇನು?" ಎಂದು ನನ್ನ ಹಣೆ ಮುಟ್ಟಿ ನೋಡಿದರು. ಆ ಮನೆಯಲ್ಲಿ ಅನ್ನವೆಂದರೆ ಜ್ವರ ಬಂದವರ ಊಟ.

ಪಾಠ ನಡೆಯುತ್ತಿದ್ದದ್ದು ಅದೇ ಮನೆಯ ಪಡಸಾಲೆಯಲ್ಲಿ, ನಾನು ತೂಗುಹಾಕಿದ ಕರಿ ಬೋರ್ಡಿನ ಮುಂದೆ. ಗದ್ದೆಯಲ್ಲಿ ದಣಿದು ಬಂದವರು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಶರಣಮ್ಮ ಹೊಸ್ತಿಲ ಬಳಿ ಕಾಳು ಹಸನು ಮಾಡುತ್ತ ಕೂರುತ್ತಿದ್ದರು, ಸ್ಲೇಟು ಮಾತ್ರ ಮುಟ್ಟಲಿಲ್ಲ. "ನಾ ಯಾರಿಗೆ ಬರೀಬೇಕಾಗೇತ್ರಿ?" ಎನ್ನುತ್ತಿದ್ದರು. "ದೂರ ಹೋದವರಿಗೆ ಒಂದು ಸಾಲು ಬರೆದು ಹಾಕಿದರೆ ಎಷ್ಟು ನೆಮ್ಮದಿ ಗೊತ್ತಾ!" ಎಂದು ನಾನು ಭಾಷಣ ಬಿಗಿಯುತ್ತಿದ್ದೆ.

ಆ ತಾಯಿಗೆ ಕಸದ ಮೇಲೆ ಹಗೆ. ಒಮ್ಮೆ ಸಿಂಧನೂರಿನಿಂದ ಒಬ್ಬ ಸಾಹೇಬರು ಬಂದು, ಚಹಾ ಕುಡಿದು ಹೋದರು. ಜೀಪು ಇನ್ನೂ ಓಣಿ ದಾಟಿರಲಿಲ್ಲ, ಇವರು ಬರಬರನೆ ಪಡಸಾಲೆ ಗುಡಿಸತೊಡಗಿದರು. "ಯಾಕವ್ವಾ ಇಷ್ಟು ಅವಸರ?" ಎಂದೆ. "ಹೊರಗಿನ ಮಂದಿ ಹೋದ ಕೂಡ್ಲೆ ಕಸಾ ಹೊಡೀಬೇಕ್ರಿ. ಅವರ ಧೂಳು ನಮಗ್ಯಾಕ?" ಎಂದರು. ಅಂದಿನಿಂದ ನನಗೆ ಒಳಗೊಳಗೇ ಅಳುಕು ಶುರುವಾಯಿತು. ನಾನು ಹೊರಟಾಗಲೂ ಆ ಬರಬರ ಕೇಳಿಸುತ್ತದೆಯೇ? ವರ್ಷವಿಡೀ ಇವರ ಕೈಯ ರೊಟ್ಟಿ ತಿಂದ ನಾನೂ ಹೊರಗಿನ ಮಂದಿಯೇ?

ಹೊರಡುವ ಹಿಂದಿನ ಸಂಜೆ ಎಲ್ಲರೂ ಕೂತು ಶೇಂಗಾ ತಿಂದೆವು. ನಾನು ಗದ್ಗದ ಕಂಠದಲ್ಲಿ ದೊಡ್ಡ ವಿದಾಯ ಭಾಷಣ ಮಾಡಿದೆ. ಅಮರಪ್ಪ ಆಕಳಿಸಿದರು. ಬೆಳಿಗ್ಗೆ ಶರಣಮ್ಮ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಟ್ಟು, "ಜಲ್ದಿ ನಡೀರಿ ಮಾಸ್ತರ, ಬಸ್ಸು ಬಂದೀತು" ಎಂದರು. ಒಂದು ಹನಿಯೂ ಇಲ್ಲ! ಬೆನ್ನ ಹಿಂದೆ ಕಸಬರಿಗೆಯ ಸದ್ದು ಕೇಳಿಸದಿರಲೆಂದು ಟ್ರಂಕು ಹೊತ್ತು ಓಡುವಂತೆ ನಡೆದೆ.

ಬಸ್ಸು ಬರಲಿಲ್ಲ. ಕಾಲುವೆ ಒಡೆದು ರಸ್ತೆಯ ಮೇಲೆ ನೀರು ನಿಂತಿದೆ, ಇವತ್ತು ಬಸ್ಸಿಲ್ಲ ಎಂದು ಮಧ್ಯಾಹ್ನಕ್ಕೆ ಸುದ್ದಿ ಬಂತು. ಬುತ್ತಿಯನ್ನು ಅಲ್ಲೇ ಖಾಲಿ ಮಾಡಿ, ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಮರಳಿದೆ. ನೋಡುತ್ತೇನೆ, ಪಡಸಾಲೆಯ ತುಂಬ ನಿನ್ನೆಯ ಶೇಂಗಾ ಸಿಪ್ಪೆ! ಅದರ ನಡುವೆಯೇ ಶರಣಮ್ಮ ಕಾಳು ಹಸನು ಮಾಡುತ್ತಿದ್ದಾರೆ.

"ಏನವ್ವಾ, ನಾನು ಹೋದ ಖುಷಿಯಲ್ಲಿ ಕಸಬರಿಗೆಯನ್ನೇ ಮರೆತಿರಾ?" ಎಂದು ಕೆಣಕಿದೆ.

ಅವರಿಗೆ ಸಿಟ್ಟೇ ಬಂತು. "ಏ ಹುಚ್ಚಪ್ಪಾ! ಮನೀ ಮಗ ಊರಿಗೆ ಹೊಂಟಾನ, ಅಂವ ಊರು ಮುಟ್ಟೂ ಮಟ ಯಾರರ ಕಸಾ ಹೊಡೀತಾರೇನು?"

"ಮುಂಜಾನಿಂದ ಸಿಪ್ಪಿ ಕಾಲಿಗೆ ಚುಚ್ಚಾಕತ್ಯಾವ, ಕಸಬರಗಿ ಮುಟ್ಟಾಕ ಬಿಡವಲ್ಲಳು" ಎಂದು ಅಮರಪ್ಪ ದೂರಿದರು.

ಅಳಬೇಕಾದವರು ಯಾರೂ ಅಳಲಿಲ್ಲ. ನಾನೇ ಅತ್ತೆ, ಮೂಗು ಸೋರುವ ಹಾಗೆ. "ಚಟ್ನಿ ಖಾರ ಆಗಿತ್ತೇನು?" ಎಂದು ಶರಣಮ್ಮ ನೀರು ತಂದುಕೊಟ್ಟರು.

ಮರುದಿನ ನಿಜವಾಗಿ ಹೊರಟೆ. "ಮುಟ್ಟಿದ ಕೂಡ್ಲೆ ಕಾಗದ ಹಾಕು ತಮ್ಮಾ" ಎಂದರು. ಮೊದಲ ಸಲ ನನ್ನನ್ನು ಮಾಸ್ತರ ಎನ್ನಲಿಲ್ಲ. ಆಗಲಿ ಎಂದು ತಲೆಯಾಡಿಸಿದೆ.

ಊರಿಗೆ ಬಂದವನು ಅಮ್ಮನ ಕೈಯ ಅನ್ನ ಉಣ್ಣುತ್ತ, ಸಿಕ್ಕಸಿಕ್ಕವರಿಗೆಲ್ಲ ನಾನು ಅಕ್ಷರ ಹಂಚಿದ ಕಥೆ ಹೇಳುವುದರಲ್ಲಿ ಮುಳುಗಿಹೋದೆ. ಮೂರು ವಾರದ ಮೇಲೆ ಒಂದು ಕಾರ್ಡು ಬಂತು. ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದ ಸೊಟ್ಟ ಅಕ್ಷರ:

"ತಮ್ಮಾ, ನೀ ಮುಟ್ಟಿದಿ ಇಲ್ಲೋ? ನಿನ್ನ ಬೋರ್ಡು ನೋಡಿ ನೋಡಿ ಇದ್ದಿಲಿಲೆ ಗೀಚಿ ಕಲ್ತೀನಿ. ಅಡಗಿಮನಿ ಕಸಾ ಹೊಡದೀನಿ. ನೀ ಮಲಗತಿದ್ದ ಪಡಸಾಲಿ ಹಂಗ ಐತಿ. ಸಿಪ್ಪಿಯೊಳಗ ಬೆಕ್ಕು ಮರಿ ಹಾಕೇತಿ. ಒಂದು ಸಾಲು ಬರಿ, ಕಸಾ ಹೊಡೀತೀನಿ. ಶರಣಮ್ಮ."

ಅಂಚೆ ಕಚೇರಿಗೆ ಬರಿಗಾಲಿನಲ್ಲೇ ಓಡಿದೆ. "ಮುಟ್ಟಿದ್ದೇನೆ ಅವ್ವಾ, ಗುಡಿಸಿ" ಎಂದು ಬರೆದು ಹಾಕಿದೆ. ಬರೆಯಲು ಹಿಡಿದದ್ದು ಅರ್ಧ ನಿಮಿಷ.

ಈಗಲೂ ನಾನು ಪರಊರಿಗೆ ಹೊರಟರೆ, ಮೆಟ್ಟಿಲು ಇಳಿಯುವ ಮೊದಲೇ ಬೆನ್ನ ಹಿಂದೆ ಬರಬರ ಸದ್ದು. "ಏನೇ ಇದು, ನಾನು ಮನೆಯವನಲ್ಲವೇ?" ಎಂದರೆ ನನ್ನ ಹೆಂಡತಿ ಪೊರಕೆ ನಿಲ್ಲಿಸುವುದೂ ಇಲ್ಲ. "ನಿಮ್ಮ ಕಾಗದ ನೆಚ್ಚಿಕೊಂಡು ಕೂತರೆ ಮನೇಲಿ ಬೆಕ್ಕು ಮರಿ ಹಾಕುತ್ತೆ" ಎನ್ನುತ್ತಾಳೆ.