ಖರೇ ಹೇಳುವ ಚಟ

ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಖರೇ ಹೇಳುವ ಚಟ. ರಾಯಬಾಗದ ನಮ್ಮ ಓಣಿಯಲ್ಲಿ ಯಾರಾದರೂ, "ಸರ ಇದ್ದದ್ದನ್ನ ಇದ್ದಂಗ ಹೇಳ್ತಾರ ನೋಡ್ರಿ" ಅಂದರೆ ಸಾಕು, ನಾನು ಪೂರಿಯ ಹಾಗೆ ಉಬ್ಬುತ್ತಿದ್ದೆ. ಮಂಗಸೂಳಿಯಲ್ಲಿ ಹೆಂಡತಿಯ ತಮ್ಮ ಹೊಸ ಮನೆ ಕಟ್ಟಿಸಿದಾಗ, ಬಂದವರೆಲ್ಲ ಹೋಳಿಗೆ ಉಂಡು "ಛಲೋ ಆಗೈತಿ" ಎಂದು ಹೋದರು. ನಾನೊಬ್ಬನೇ, "ಮೆಟ್ಟಿಲು ಭಾಳ ಕಡಿದು ಅದಾವು, ವಯಸ್ಸಾದವರು ಬಿದ್ದಾರು" ಅಂದೆ. ಆಗ ಮೆಟ್ಟಿಲೇರುತ್ತಿದ್ದ ಅವನ ಅತ್ತೆ ಅರ್ಧಕ್ಕೇ ಕುಳಿತುಬಿಟ್ಟರು. ಕೆಳಗಿಳಿಸಲು ಇಬ್ಬರು ಬೇಕಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಹೆಂಡತಿ, "ನಿಮ್ಮ ಬಾಯಿಗೊಂದು ಕೀಲಿ ಹಾಕ್ರಿ" ಎಂದಳು. ಖರೇ ಮಾತು ಯಾರಿಗೂ ಬೇಡ ಎಂದು ನಾನೇ ನನ್ನನ್ನು ಸಮಾಧಾನ ಮಾಡಿಕೊಂಡೆ.

ಈಗ ಹೇಳುವುದು ಹೋದ ತಿಂಗಳ ಮಾತು. ನಮ್ಮ ಕಡೆ ಒಂದು ಪದ್ಧತಿ ಇದೆ. ಹೆಣ್ಣು ನೋಡಿಹೋದ ಮೇಲೆ ಗಂಡಿನ ಕಡೆಯವರು ಇನ್ನೊಮ್ಮೆ ಗುಟ್ಟಾಗಿ ಬಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ಬಿಸಿಲು ಜಾಸ್ತಿ, ಒಂದೀಟು ನೀರು ಕೊಡ್ರಿ ಎಂದು ಬರುತ್ತಾರೆ. ನೀರು ಒಂದು ನೆಪ ಎಂದು ಅವರಿಗೂ ಗೊತ್ತು, ಕೊಡುವವರಿಗೂ ಗೊತ್ತು. ಹಾಗೆ ಜುಗೂಳದಿಂದ ಹುಡುಗನ ಸೋದರಮಾವ ನಮ್ಮ ಮನೆಗೆ ಬಂದರು. ವಿಚಾರ ಪಕ್ಕದ ಮನೆಯ ಸುನಂದಾಳದು. ಅವಳ ತಾಯಿ ಕಸ್ತೂರಕ್ಕ ಈ ಸಂಬಂಧಕ್ಕಾಗಿ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದರು.

"ಹುಡುಗಿ ಹೆಂಗರಿ ಸರ?" ಎಂದು ಕೇಳಿದರು ಮಾವ.

"ಗುಣಾ ಬಂಗಾರರಿ. ಆದ್ರ ಮುಂಜಾನಿ ಎಂಟರತನಾ ಮಲಗ್ತಾಳ್ರಿ" ಎಂದೆ.

ಒಳಗೆ ಹೆಂಡತಿಯ ಕೈಯಿಂದ ಪಾತ್ರೆ ಜಾರಿದ ಸಪ್ಪಳ ಕೇಳಿತು. ಮಾವ ಅರ್ಧ ನೀರು ಬಿಟ್ಟು ಎದ್ದರು. ಅವರು ಅತ್ತ ಹೋದ ಮೇಲೆ ಹೆಂಡತಿ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎಂಟರತನಾ ಯಾಕ ಮಲಗ್ತಾಳಂತ ಹೇಳಿದ್ರೇನು?"

ಹೇಳಿರಲಿಲ್ಲ. ಸುನಂದಾಳ ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆದಾಗಿನಿಂದ, ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಹೊಲಕ್ಕೆ ಹೋಗಿ ಪಂಪು ಹಚ್ಚಿ ಕಬ್ಬಿಗೆ ನೀರು ಹಾಯಿಸುವವಳು ಅವಳೇ. ಕೆಸರುಗಾಲಲ್ಲಿ ಮನೆಗೆ ಬಂದು ಮಲಗುವ ಹೊತ್ತಿಗೆ ಕೋಳಿ ಕೂಗುತ್ತದೆ. ಇದು ಓಣಿಗೆಲ್ಲ ಗೊತ್ತು, ನನಗೂ ಗೊತ್ತು. ಜುಗೂಳದವರು ಕಬ್ಬು ಬೆಳೆಯುವ ಜನ. ಈ ಮಾತೊಂದು ಕಿವಿಗೆ ಬಿದ್ದಿದ್ದರೆ ಅವತ್ತೇ ಸಂಬಂಧ ಗಟ್ಟಿಮಾಡಿ ಸಕ್ಕರೆ ಹಂಚುತ್ತಿದ್ದರು. "ಅವರು ಯಾಕಂತ ಕೇಳಲಿಲ್ಲಲ್ಲ" ಎಂದು ಗೊಣಗಿದೆ. ಹೆಂಡತಿ ನನ್ನನ್ನು ನೋಡಿದ ನೋಟಕ್ಕೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಫೋನ್ ಮಾಡಿ ಹೇಳ್ರಿ" ಎಂದಳು. ನಾಳೆ ಮಾಡಿದರಾಯಿತು ಎಂದೆ. ನಾಳೆ ಮಾಡಲಿಲ್ಲ, ನಾಡಿದ್ದೂ ಮಾಡಲಿಲ್ಲ. ಅಷ್ಟರಲ್ಲಿ ಆ ಹುಡುಗನಿಗೆ ಅಥಣಿ ಕಡೆ ಹೆಣ್ಣು ಗೊತ್ತಾಯಿತೆಂಬ ಸುದ್ದಿ ಬಂತು.

ಆವತ್ತು ಸಂಜೆ ಕಸ್ತೂರಕ್ಕ ಬಿಸಿ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ತಂದುಕೊಟ್ಟು ಬಾಗಿಲಲ್ಲೇ ನಿಂತರು. ಕಣ್ಣು ಕೆಂಪಗಾಗಿದ್ದವು.

"ಸರ, ಜುಗೂಳದವರು ಯಾರರ ನಿಮ್ಮನ್ನ ಏನರ ಕೇಳಾಕ ಬಂದಿದ್ರೇನ್ರಿ? ಓಣ್ಯಾಗ ಯಾರೋ ಸುನಂದಾನ ಮ್ಯಾಲ ಏನೋ ಹೇಳ್ಯಾರಂತ."

ಇದ್ದದ್ದನ್ನು ಇದ್ದ ಹಾಗೆ ಹೇಳಲು ಇದಕ್ಕಿಂತ ಒಳ್ಳೆಯ ವೇಳೆ ಯಾವುದಿತ್ತು? ಬಾಯಿ ತೆರೆದೆ.

"ಇಲ್ಲರಿ ಅಕ್ಕಾರ, ನಮ್ಮ ಮನೀಗೆ ಯಾರೂ ಬಂದೇ ಇಲ್ಲ."

ಜೀವಮಾನದಲ್ಲಿ ಇಷ್ಟು ಸಲೀಸಾಗಿ ಒಂದು ಮಾತು ನನ್ನ ಬಾಯಿಂದ ಬಂದಿರಲಿಕ್ಕಿಲ್ಲ. ಕೇಳುವವರ ಮನಸ್ಸು ನೋಯಬಾರದೆಂದು ಹೇಳಿದೆ ಎಂದುಕೊಂಡರೆ ಅದೂ ಸುಳ್ಳು. ನನ್ನ ಮುಖ ಉಳಿಯಲೆಂದು ಹೇಳಿದೆ. ಹೆಂಡತಿ ರೊಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಕಸ್ತೂರಕ್ಕ ನಿಟ್ಟುಸಿರು ಬಿಟ್ಟರು. "ನೀವು ಇಲ್ಲಂದ್ರ ಇಲ್ಲ ಬಿಡ್ರಿ. ಅವರು ನಿಮ್ಮನ್ನ ಕೇಳಿದ್ದರ ಎಲ್ಲಾ ಸರಿ ಆಗ್ತಿತ್ತು. ನಿಪ್ಪಾಣಿ ಕಡಿಂದ ಇನ್ನೊಂದು ಸಂಬಂಧ ಬರಾಕತ್ತೈತಿ. ಈ ಸಲ ನಾನ ಅವರಿಗೆ ಹೇಳ್ತೀನ್ರಿ, ಮತ್ಯಾರನ್ನೂ ಕೇಳಬ್ಯಾಡ್ರಿ, ಸೀದಾ ಸರ ಮನೀಗೆ ಹೋಗ್ರಿ ಅಂತ."