ನೇಪಾಳಕ್ಕೆ ಹೊರಟ ರಾಗಿ ಮೂಟೆ

ಕಾರಿನ ವಿಮೆಯ ಷರತ್ತುಗಳನ್ನು ಕೊನೆಯ ಪುಟದ ಕೊನೆಯ ಸಾಲಿನವರೆಗೂ ಓದಿದ ಮನುಷ್ಯರು ಭೂಮಿಯ ಮೇಲೆ ಒಬ್ಬರೇ ಇದ್ದಾರೆ, ಅವರು ನನ್ನ ಸೋದರಮಾವ! ಇದನ್ನು ಬರೆಯುವಾಗ ಒಂದೆರಡು ವಿವರ ಹಿಂದುಮುಂದಾಗಬಹುದು. ಆದದ್ದಕ್ಕಿಂತ ಆಗಬೇಕಿತ್ತು ಅನ್ನಿಸಿದ್ದರ ಮೇಲೆ ನನ್ನ ನೆನಪಿಗೆ ಪ್ರೀತಿ ಜಾಸ್ತಿ. ಆನೆಯ ವಿಷಯ ಮಾತ್ರ ನಿಜ. ನಾನೇ ಪಕ್ಕದಲ್ಲಿ ಕೂತಿದ್ದೆ.

ಮಾವ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರು. ಮಗ್ಗ ಬಿಟ್ಟು ಎದ್ದರೆ ಹಳೆಯ ಕಾರು ಒರೆಸುವುದೇ ಅವರ ವಿಶ್ರಾಂತಿ. ಆ ಕಾರಿನಲ್ಲಿ ಅತ್ತೆಯನ್ನು ನೇಪಾಳಕ್ಕೆ ಕರೆದೊಯ್ದು ಪಶುಪತಿನಾಥನ ದರ್ಶನ ಮಾಡಿಸಬೇಕೆಂಬ ಆಸೆ. ತೊಡಕೇನೆಂದರೆ, ಯಳಂದೂರಿನ ಹತ್ತಿರ ಆ ಕಾರು ಒಮ್ಮೆ ಕಬ್ಬಿನ ಗದ್ದೆಗೆ ಇಳಿದಿತ್ತು. ಕಬ್ಬನ್ನು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೂ ಅವತ್ತಿನಿಂದ ಅತ್ತೆ ಕಾರು ಹತ್ತಿಲ್ಲ. ತವರೂರು ಹನೂರಿಗೂ ಬಸ್ಸೇ. “ಪರದೇಶದಲ್ಲಿ ಏನಾರ ಆದ್ರೆ ನಮ್ಮನ್ನ ಕೇಳೋರ್ಯಾರು?” ಎಂದು ಅಡುಗೆಮನೆಗೆ ಹೋಗಿಬಿಟ್ಟರು. ಬೇರೆ ಗಂಡಸರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಮಾವ ವಿಮೆ ಏಜೆಂಟರನ್ನು ಮನೆಗೆ ಕರೆಸಿದರು.

ಸೀರೆಯಲ್ಲಿ ಎಳೆ ತಪ್ಪಿದೆಯೇ ಎಂದು ನೋಡುವ ಹಾಗೆ ಪಾಲಿಸಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ಪಕ್ಕದಲ್ಲಿ ನಾನು ಕೂತಿದ್ದಂತೆಯೇ, ಪ್ರಶ್ನೆಗಳು. ಬೆಟ್ಟದ ದಾರಿಯಲ್ಲಿ ಆನೆ ಬಂದು ಕಾರಿನ ಮೇಲೆ ಕೂತರೆ ದುಡ್ಡು ಬರುತ್ತದೆಯೇ? ಬರುತ್ತದೆ ಎಂದರು ಏಜೆಂಟರು.

“ನೇಪಾಳದಲ್ಲಿ ಕೂತ್ಕಂಡ್ರೆ?”

“ಈ ಪಾಲಿಸಿ ಇಂಡಿಯಾಕ್ಕೆ ಮಾತ್ರ ಸಾ. ನೇಪಾಳಕ್ಕೆ ಬೇರೆ ದುಡ್ಡು ಕಟ್ಟಿ ಸೇರಿಸ್ಕಬೇಕು.”

“ನಮ್ಮಾನೆನೇ ಗಡಿ ದಾಟೋಗಿ ಕೂತ್ಕಂಡ್ರೆ?”

ಏಜೆಂಟರು ನೀರು ಕೇಳಿದರು. ಅತ್ತೆ ತಂದುಕೊಟ್ಟು ಬಾಗಿಲ ಹಿಂದೆಯೇ ನಿಂತರು. ಅಲ್ಲಿಂದ ಮುಂದೆ ಮಾವ ಕೇಳಿದ್ದೆಲ್ಲ ಎಡಗಡೆ ಸೀಟಿನ ಬಗ್ಗೆ. ಆ ಕಡೆಯ ಗಾಜು ಒಡೆದರೆ? ಅಲ್ಲಿ ಕೂತವರ ಕೈಗೆ ಪೆಟ್ಟಾದರೆ? ಓಡಿಸುವವರ ಸೀಟಿನ ಬಗ್ಗೆ ಒಂದೂ ಪ್ರಶ್ನೆಯಿಲ್ಲ! ಏಜೆಂಟರೇ ಅದನ್ನು ನೆನಪಿಸಬೇಕಾಯಿತು. “ಅದ ನಾನ್ ನೋಡ್ಕತೀನಿ” ಎಂದರು ಮಾವ.

ನೇಪಾಳ ಸೇರಿಸಿದ ಪಾಲಿಸಿ ಬಂತು. ಮಾವ ಅದನ್ನು ಒಲೆಯ ಮುಂದೆ ನಿಂತು ಕನ್ನಡದಲ್ಲಿ ಬಿಡಿಸಿ ಹೇಳಿದರು. ಅತ್ತೆ ಮುದ್ದೆ ತೊಳಸುತ್ತಲೇ, “ಕಾಗ್ದ ಬಂದು ಗಾಡಿ ಇಡ್ಕಂಡದಾ?” ಎಂದರು.

ಅದಕ್ಕೂ ಮಾವನ ಹತ್ತಿರ ಉಪಾಯವಿತ್ತು. ಭಾನುವಾರ ಎಡಗಡೆ ಸೀಟಿನಲ್ಲಿ ಒಂದು ರಾಗಿ ಮೂಟೆ ಕೂರಿಸಿ, ಬೆಲ್ಟು ಹಾಕಿ, ಹನೂರು ದಾಟಿ ಮಾದಪ್ಪನ ಬೆಟ್ಟದ ತಿರುವುಗಳನ್ನೆಲ್ಲ ಹತ್ತಿಸಿ ಇಳಿಸಿ ತಂದರು. ಮೂಟೆ ಅಲುಗಲಿಲ್ಲವೆಂದು ಅತ್ತೆಗೆ ವರದಿ. ಮುಂದಿನ ಭಾನುವಾರ ಮತ್ತೆ. ಅಜ್ಜೀಪುರದ ಟೀ ಅಂಗಡಿಯವನು, “ಏನಣ್ಣೋ, ಅಕ್ಕ ಮಾತೇ ಆಡ್ತಿಲ್ವಲ್ಲ?” ಎಂದು ರೇಗಿಸಿದನಂತೆ. “ಇನ್ನೂ ಭಯ ಓಗಿಲ್ಲ, ಸುಮ್ನಿರ್ಲಾ” ಎಂದರಂತೆ ಮಾವ.

ಈಚೆಗೆ ಅತ್ತೆಗೆ ಜ್ವರ ಬಂದು ಹೋಗಿತ್ತು. ನೋಡಲು ಹೋದೆ. ಮಾವ ಕಾರಿನ ಬಾಗಿಲು ತೆಗೆದುಕೊಂಡು ಮೂಟೆಯಿಂದ ಸೇರಿನಲ್ಲಿ ರಾಗಿ ತೆಗೆಯುತ್ತಿದ್ದರು. ಬೀಸಿಸುವುದಕ್ಕಾ ಎಂದು ಕೇಳಿದೆ.

“ಊಹೂಂ. ಜ್ವರದಲ್ಲಿ ನಿಮ್ಮತ್ತೆ ಇಳ್ದೋಗವ್ಳೆ ಕಣವ್ವ. ತೂಕ ಸರಿ ಮಾಡ್ತಾ ಇವ್ನಿ.”

ಇಷ್ಟು ದಿನ ಆ ಮೂಟೆಯನ್ನು ನೋಡಿ ನಕ್ಕಿದ್ದೆನಲ್ಲ, ಅವತ್ತು ನಗು ಬರಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಅತ್ತೆಗೂ ಕೇಳಿಸಿತು. ಅವರು ನಿಧಾನವಾಗಿ ಇಳಿದು ಬಂದು, ಕಾರಿನೊಳಕ್ಕೆ ಕೈಹಾಕಿ, ಮೂಟೆಯ ಮೇಲಿನ ಬೆಲ್ಟನ್ನು ಒಮ್ಮೆ ಜಗ್ಗಿ ನೋಡಿದರು. ಮತ್ತೊಮ್ಮೆ ಜಗ್ಗಿದರು. ಆಗ ನಾನು ಕೇಳಿದೆ:

“ಅತ್ತೆ, ಮೂಟೆ ಇಳಿಸಿಬಿಡ್ಲಾ?”